ಒಂದೇ ಸಲಕ್ಕೆ ಮುಗಿಯದ ಕಣ್ಣಿನ ಇಂಜೆಕ್ಷನ್

ಮನೆಯ ಹಿರಿಯರಿಗೆ ಕಣ್ಣು ಮಂಜಾಗಿದೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಬರುವ ಮಾತು ಪೊರೆ. ಡಾ. ಎಂ.ಸಿ. ಮೋದಿಯವರು ದಶಕಗಳ ಕಾಲ ಊರೂರು ಸುತ್ತಿ ಶಿಬಿರಗಳಲ್ಲಿ ಲಕ್ಷಾಂತರ ಜನರ ಪೊರೆ ತೆಗೆದ ನಾಡು ಇದು. ಒಮ್ಮೆ ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಕಣ್ಣು ಬಂತು ಎಂಬ ಅನುಭವ ಪ್ರತಿ ಊರಿನಲ್ಲೂ ಯಾರಿಗಾದರೂ ಇದ್ದೇ ಇದೆ. ಆ ಅನುಭವ ನಮ್ಮೊಳಗೆ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಕಣ್ಣಿನ ಚಿಕಿತ್ಸೆ ಎಂದರೆ ಒಂದು ಸಲ ಮಾಡಿಸಿ ಮರೆತುಬಿಡುವ ಕೆಲಸ ಎಂದೇ ನಾವು ತಿಳಿದಿದ್ದೇವೆ. ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ ಕಾಯಿಲೆಯ (ಎಎಂಡಿ) ಚಿಕಿತ್ಸೆ ಹಾಗಲ್ಲ. ಅದು ತಿಂಗಳುಗಟ್ಟಲೆ, ಹಲವರಲ್ಲಿ ವರ್ಷಗಟ್ಟಲೆ, ಕಣ್ಣಿನೊಳಗೆ ಮತ್ತೆ ಮತ್ತೆ ಕೊಡಬೇಕಾದ ಇಂಜೆಕ್ಷನ್. ಏಕೆ ಮತ್ತೆ ಮತ್ತೆ ಎಂಬುದು ಮನಸ್ಸಿಗೆ ಹತ್ತದಿದ್ದರೆ, ಎರಡು ಮೂರು ಸಲ ಚುಚ್ಚಿಸಿಕೊಂಡು, ಸ್ವಲ್ಪ ಸುಧಾರಿಸಿದಂತೆ ಕಂಡೊಡನೆ ನಿಲ್ಲಿಸಿಬಿಡುವುದು ಸಹಜ. ದೃಷ್ಟಿ ಕೈತಪ್ಪುವುದು ಬಹುಮಟ್ಟಿಗೆ ಅಲ್ಲಿಯೇ ಆದ್ದರಿಂದ ಈ ಕಾಯಿಲೆಯನ್ನೂ ಅದರ ಮದ್ದನ್ನೂ ಬುಡದಿಂದ ತಿಳಿದುಕೊಳ್ಳುವುದು ಅಗತ್ಯ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಗ್ರಹಿಸಿ ನರದ ಮೂಲಕ ಮಿದುಳಿಗೆ ಕಳಿಸುವ ತೆಳುವಾದ ಪದರವನ್ನು ಅಕ್ಷಿಪಟ ಅಥವಾ ರೆಟಿನಾ ಎನ್ನುತ್ತೇವೆ. ಅದರ ನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಒಂದು ಜಾಗವಿದೆ, ಅದೇ ಮ್ಯಾಕ್ಯುಲಾ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗುರುತಿಸುವ ಕೋನ್ ಕೋಶಗಳು ಇದರ ನಟ್ಟನಡುವೆ ಅತಿ ದಟ್ಟವಾಗಿ ನೆರೆದಿವೆ. ಪತ್ರಿಕೆಯ ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಎದುರು ಬಂದವರ ಮುಖದ ಗುರುತು ಹಿಡಿಯುವುದು ಎಲ್ಲವೂ ಈ ಪುಟ್ಟ ಜಾಗದ ಕೆಲಸ. ಉಳಿದ ರೆಟಿನಾ ಸುತ್ತಲಿನ ಚಿತ್ರವನ್ನು ಮಾತ್ರ ಒದಗಿಸುತ್ತದೆ. ಆದ್ದರಿಂದ ಮ್ಯಾಕ್ಯುಲಾ ಹಾಳಾದವರು ಪೂರ್ತಿ ಕುರುಡರಾಗುವುದಿಲ್ಲ. ಅವರು ಮನೆಯೊಳಗೆ ಗೋಡೆಗೆ ತಾಗದೆ ಓಡಾಡಬಲ್ಲರು, ಆದರೆ ಮುಂದೆ ನಿಂತ ಮೊಮ್ಮಗಳ ಮುಖದ ಜಾಗದಲ್ಲಿ ಒಂದು ಮಬ್ಬು ಕಲೆಯನ್ನು ಕಾಣುತ್ತಾರೆ. ನೋಡಬೇಕೆಂದು ಎಲ್ಲಿ ಕಣ್ಣಿಡುತ್ತಾರೋ ಸರಿಯಾಗಿ ಅಲ್ಲಿಯೇ ಕಾಣದಂತಾಗುವುದು ಈ ಕಾಯಿಲೆಯ ಕ್ರೌರ್ಯ.

ಇದರಲ್ಲಿ ಎರಡು ವಿಧ. ಬೆಳಕಿನ ಕೋಶಗಳು ತಮ್ಮ ತುದಿಗಳನ್ನು ದಿನವೂ ಉದುರಿಸಿ ಹೊಸದಾಗಿ ಬೆಳೆಸಿಕೊಳ್ಳುತ್ತವೆ. ಉದುರಿದ್ದನ್ನು ನುಂಗಿ ಸ್ವಚ್ಛಗೊಳಿಸುವ ಕೆಲಸ ಅವುಗಳ ಕೆಳಗಿರುವ ವರ್ಣದ್ರವ್ಯದ ಕೋಶಪದರಕ್ಕೆ ಸೇರಿದ್ದು. ವಯಸ್ಸಾದಂತೆ ಈ ಪದರ ಸೋಲುತ್ತದೆ, ವಿಲೇವಾರಿಯಾಗದ ಕಸ ಹಳದಿ ಬಣ್ಣದ ಚುಕ್ಕಿಗಳಾಗಿ ಪದರದಡಿಯಲ್ಲಿ ಶೇಖರವಾಗುತ್ತದೆ. ವೈದ್ಯರು ಇವನ್ನು ಡ್ರೂಸೆನ್ ಎನ್ನುತ್ತಾರೆ. ನಿಧಾನವಾಗಿ ಕೋಶಗಳು ಸವೆಯುತ್ತಾ ಹೋಗುವ ಈ ಬಗೆಯೇ ಒಣ ವಿಧ, ಅಂದರೆ ಡ್ರೈ ಎಎಂಡಿ. ಕಾಯಿಲೆ ಇರುವವರಲ್ಲಿ ಶೇ. 85ರಿಂದ 90ರಷ್ಟು ಮಂದಿಗೆ ಇರುವುದು ಇದೇ. ಇನ್ನುಳಿದವರಲ್ಲಿ ರೆಟಿನಾದ ಅಡಿಯ ಕೋರಾಯ್ಡ್ ಎಂಬ ರಕ್ತನಾಳಗಳ ಪದರದಿಂದ ಹೊಸ ನಾಳಗಳು ಮೊಳೆತು, ನಡುವಣ ತೆಳು ಪದರವನ್ನು ಸೀಳಿಕೊಂಡು ಮೇಲೇರುತ್ತವೆ. ಅವಸರದಲ್ಲಿ ಬೆಳೆದ ಈ ನಾಳಗಳ ಗೋಡೆ ಗಟ್ಟಿಯಿಲ್ಲ. ನೀರು, ರಕ್ತ ಜಿನುಗಿ ಮ್ಯಾಕ್ಯುಲಾ ಉಬ್ಬುತ್ತದೆ, ಕಡೆಗೆ ಅಲ್ಲಿ ಗಾಯದ ಕಲೆ ಗಟ್ಟಿಯಾಗುತ್ತದೆ. ಇದೇ ತೇವ ವಿಧ, ವೆಟ್ ಎಎಂಡಿ. ಸಂಖ್ಯೆಯಲ್ಲಿ ಕಡಿಮೆಯಾದರೂ, ವಾರಗಳೊಳಗೆ ದೃಷ್ಟಿ ಕಸಿಯುವುದು ಇದು. ಇಲ್ಲಿ ಹೇಳಹೊರಟಿರುವ ಇಂಜೆಕ್ಷನ್ ಮುಖ್ಯವಾಗಿ ಈ ತೇವ ವಿಧಕ್ಕೆ.

ಇದರ ಮೊದಲ ಸೂಚನೆ ಮಂಜಾಗುವುದಕ್ಕಿಂತ ಸೊಟ್ಟಗಾಗುವುದು. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಬಚ್ಚಲುಮನೆಯ ಟೈಲ್ಸಿನ ಗೆರೆ ಬಾಗಿದಂತೆ, ಅಲೆಯಂತೆ ಕಾಣುತ್ತವೆ, ಏಕೆಂದರೆ ಅಡಿಯಲ್ಲಿ ನೀರು ತುಂಬಿದ ರೆಟಿನಾ ಸ್ವತಃ ಉಬ್ಬುತಗ್ಗಾಗಿರುತ್ತದೆ. ಆದರೆ ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಅರವತ್ತು ದಾಟಿದವರು ವಾರಕ್ಕೊಮ್ಮೆ ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಮನೆಯ ಯಾವುದಾದರೂ ನೇರ ಗೆರೆಯನ್ನು ನೋಡುವ ರೂಢಿ ಇಟ್ಟುಕೊಂಡರೆ ಸಾಕು. ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ಅವರ ಹೆಸರಿನ ಚೌಕುಳಿ ಕಾಗದವನ್ನು ಇದಕ್ಕೆಂದೇ ಕಣ್ಣಿನ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಗೆರೆ ಬಾಗಿ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ, ಹಬ್ಬ ಮುಗಿಯಲಿ, ಮಗ ಬರಲಿ ಎಂದು ಕಾಯದೆ ಅದೇ ವಾರ ರೆಟಿನಾ ತಜ್ಞರನ್ನು ಕಾಣಬೇಕು. ಕಳೆದುಹೋದ ಕೋಶವನ್ನು ಮರಳಿ ತರುವ ಮದ್ದು ಇಲ್ಲ. ಉಳಿದಿರುವುದನ್ನು ಕಾಯುವ ಮದ್ದು ಮಾತ್ರ ಇದೆ.

ಆ ಮದ್ದು ಹುಟ್ಟಿದ ದಾರಿ ಕುತೂಹಲದ್ದು. 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರು, ಕ್ಯಾನ್ಸರ್ ಗೆಡ್ಡೆಗಳು ತಮಗೆ ಬೇಕಾದ ರಕ್ತನಾಳಗಳನ್ನು ತಾವೇ ಬೆಳೆಸಿಕೊಳ್ಳುತ್ತವೆ, ಆ ಸಂದೇಶವನ್ನು ತಡೆದರೆ ಗೆಡ್ಡೆ ಬೆಳೆಯಲಾರದು ಎಂಬ ವಿಚಾರವನ್ನು ಮುಂದಿಟ್ಟರು. 1989ರಲ್ಲಿ ಜೆನೆನ್‌ಟೆಕ್ ಸಂಸ್ಥೆಯ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ಅಂಥ ಸಂದೇಶವಾಹಕ ಪ್ರೋಟೀನೊಂದನ್ನು ಬೇರ್ಪಡಿಸಿ ಗುರುತಿಸಿದರು. ವಿಇಜಿಎಫ್ ಎಂದು ಅದರ ಹೆಸರು. ಇದು ದೇಹದ ಶತ್ರುವೇನಲ್ಲ; ಗಾಯ ಮಾಯುವಾಗ, ಗರ್ಭದಲ್ಲಿ ಮಗು ಬೆಳೆಯುವಾಗ ಹೊಸ ರಕ್ತನಾಳಗಳನ್ನು ಕರೆತರುವುದು ಇದೇ. ಮ್ಯಾಕ್ಯುಲಾದಲ್ಲಿ ಮಾತ್ರ ಈ ಕರೆ ತಪ್ಪು ಜಾಗದಲ್ಲಿ, ತಪ್ಪು ಕಾಲದಲ್ಲಿ ಹೊರಡುತ್ತದೆ. ವಿಇಜಿಎಫ್ ಎರಡು ಕೆಲಸ ಮಾಡುತ್ತದೆ: ಹೊಸ ನಾಳವನ್ನು ಮೊಳೆಸುತ್ತದೆ, ಇರುವ ನಾಳದ ಗೋಡೆಯನ್ನು ಸಡಿಲಗೊಳಿಸಿ ಜಿನುಗುವಂತೆ ಮಾಡುತ್ತದೆ. ಅದನ್ನು ಹಿಡಿದು ಕಟ್ಟಿಹಾಕಿದರೆ ಬೆಳವಣಿಗೆಯೂ ನಿಲ್ಲುತ್ತದೆ, ಜಿನುಗುವುದೂ ನಿಲ್ಲುತ್ತದೆ. ಈ ಔಷಧಗಳೆಲ್ಲವೂ ಮಾಡುವುದು ಇಷ್ಟನ್ನೇ.

ಅದಕ್ಕೆ ಮೊದಲು ಇದ್ದ ಉಪಾಯಗಳು ಬಡವಾಗಿದ್ದವು. ಲೇಸರ್‌ನಿಂದ ಹೊಸ ನಾಳಗಳನ್ನು ಸುಡುತ್ತಿದ್ದರು, ಜೊತೆಗೆ ರೆಟಿನಾವೂ ಸುಡುತ್ತಿತ್ತು. 2000ದಲ್ಲಿ ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ಬೆಳಕಿನಿಂದ ಅದನ್ನು ಕೆರಳಿಸುವ ಫೋಟೋಡೈನಮಿಕ್ ಚಿಕಿತ್ಸೆ ಬಂದರೂ, ದೃಷ್ಟಿ ಇಳಿಯುವ ವೇಗ ತಗ್ಗುತ್ತಿತ್ತೇ ಹೊರತು ಬಹುಪಾಲು ಜನರಿಗೆ ದೃಷ್ಟಿ ಮರಳುತ್ತಿರಲಿಲ್ಲ. 2004ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೆಗಾಪ್ಟಾನಿಬ್ ವಿಇಜಿಎಫ್ ತಡೆಯುವ ಮೊದಲ ಕಣ್ಣಿನ ಇಂಜೆಕ್ಷನ್; ಅದರ ಫಲವೂ ಅಲ್ಪವೇ. ಚಿತ್ರ ಬದಲಾದದ್ದು 2006ರಲ್ಲಿ, ಲ್ಯೂಸೆಂಟಿಸ್ ಎಂಬ ಹೆಸರಿನ ರಾನಿಬಿಜುಮ್ಯಾಬ್ ಬಂದಾಗ. ಮರೀನಾ ಎಂಬ ದೊಡ್ಡ ಅಧ್ಯಯನದಲ್ಲಿ ತಿಂಗಳಿಗೊಮ್ಮೆ ಈ ಔಷಧ ಪಡೆದವರ ಪೈಕಿ ಸುಮಾರು ಶೇ. 95 ಮಂದಿ ಒಂದು ವರ್ಷದ ಬಳಿಕವೂ ದೃಷ್ಟಿ ಫಲಕದಲ್ಲಿ 15 ಅಕ್ಷರಗಳಷ್ಟು ನಷ್ಟಕ್ಕೆ ಒಳಗಾಗಲಿಲ್ಲ. ಸೂಜಿ ಚುಚ್ಚದೆ ಚುಚ್ಚಿದಂತೆ ಮಾತ್ರ ಮಾಡಿದ ಗುಂಪಿನಲ್ಲಿ ಹೀಗೆ ಉಳಿದವರು ಶೇ. 62. ಇನ್ನೂ ಮುಖ್ಯವಾದ ಅಂಶವೆಂದರೆ, ಪೂರ್ಣ ಪ್ರಮಾಣದ ಔಷಧ ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ 15 ಅಥವಾ ಹೆಚ್ಚು ಅಕ್ಷರಗಳನ್ನು ಹೊಸದಾಗಿ ಓದಬಲ್ಲವರಾದರು. ಈ ಕಾಯಿಲೆಯಲ್ಲಿ ದೃಷ್ಟಿ ಮೇಲೇರುವುದೆಂಬ ಮಾತು ಅಲ್ಲಿಯವರೆಗೆ ಅಪರೂಪವಾಗಿತ್ತು.

ಇದರ ಮಗ್ಗುಲಲ್ಲೇ ಇನ್ನೊಂದು ಕಥೆ ನಡೆಯಿತು, ನಮ್ಮಂಥ ದೇಶಗಳಿಗೆ ಅದೇ ಹೆಚ್ಚು ಮುಖ್ಯ. ಲ್ಯೂಸೆಂಟಿಸ್ ತಯಾರಿಸಿದ ಜೆನೆನ್‌ಟೆಕ್ ಸಂಸ್ಥೆಯದೇ ಬೆವಾಸಿಜುಮ್ಯಾಬ್ ಎಂಬ ಔಷಧ, ಅವಾಸ್ಟಿನ್ ಎಂಬ ಹೆಸರಿನಲ್ಲಿ, ದೊಡ್ಡಕರುಳಿನ ಕ್ಯಾನ್ಸರ್‌ಗೆಂದು 2004ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ಅದು ತಡೆಯುವುದೂ ವಿಇಜಿಎಫನ್ನೇ. ಮಿಯಾಮಿಯ ಬ್ಯಾಸ್ಕಮ್ ಪಾಮರ್ ನೇತ್ರ ಸಂಸ್ಥೆಯ ಫಿಲಿಪ್ ರೋಸೆನ್‌ಫೆಲ್ಡ್ ಅವರು 2005ರಲ್ಲಿ ಅದರ ಅತಿ ಸಣ್ಣ ಪ್ರಮಾಣವನ್ನು ಕಣ್ಣಿಗೆ ಕೊಟ್ಟು ನೋಡಿದರು, ಊತ ಇಳಿಯಿತು. ಕ್ಯಾನ್ಸರ್ ರೋಗಿಗೆ ಬೇಕಾಗುವ ಒಂದು ಸೀಸೆಯಿಂದ ಹತ್ತಾರು ಕಣ್ಣುಗಳಿಗೆ ಸಾಲುವಷ್ಟು ಮದ್ದು ಸಿಗುವುದರಿಂದ, ಅಮೆರಿಕದಲ್ಲಿ ಒಂದು ಡೋಸಿಗೆ ಲ್ಯೂಸೆಂಟಿಸ್ ಸುಮಾರು 2000 ಡಾಲರ್ ಇದ್ದಾಗ ಇದು ಸುಮಾರು 50 ಡಾಲರಿಗೆ ಆಗುತ್ತಿತ್ತು. ಎರಡನ್ನೂ ಎದುರುಬದುರು ಇಟ್ಟು ಪರೀಕ್ಷಿಸಲು ಔಷಧ ಕಂಪನಿಗೆ ಆಸಕ್ತಿ ಇರಲು ಸಾಧ್ಯವಿರಲಿಲ್ಲ. ಆದ್ದರಿಂದ ಅಮೆರಿಕದ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ಹಣ ಕೊಟ್ಟು ಕ್ಯಾಟ್ ಎಂಬ ಅಧ್ಯಯನ ನಡೆಸಿತು. ಒಂದೇ ವೇಳಾಪಟ್ಟಿಯಲ್ಲಿ ಕೊಟ್ಟಾಗ ದೃಷ್ಟಿಯ ಮಟ್ಟಿಗೆ ಎರಡೂ ಸಮಾನ ಎಂದು 2011ರಲ್ಲಿ ಅದು ತೋರಿಸಿಕೊಟ್ಟಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆವಾಸಿಜುಮ್ಯಾಬನ್ನು ಕಣ್ಣಿನ ಔಷಧವಾಗಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಾರ್ವಜನಿಕ ಹಣದಿಂದ ನಡೆದ ಆ ಒಂದು ಅಧ್ಯಯನಕ್ಕೆ ಜಗತ್ತಿನ ಬಡವರ ಕಣ್ಣುಗಳು ಋಣಿ ಎಂದು ನಾನು ಭಾವಿಸುತ್ತೇನೆ.

ಕಣ್ಣಿಗೆ ಹನಿ ಹಾಕಿದರೆ ಸಾಲದೇ, ಮಾತ್ರೆ ಇಲ್ಲವೇ ಎಂಬುದು ಪ್ರತಿಯೊಬ್ಬರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಈ ಔಷಧಗಳು ದೊಡ್ಡ ಗಾತ್ರದ ಪ್ರೋಟೀನ್‌ಗಳು. ಹನಿಯಾಗಿ ಹಾಕಿದರೆ ಕಣ್ಣಿನ ಮುಂಭಾಗದ ಪದರಗಳನ್ನು ದಾಟಿ ಹಿಂಭಾಗದ ಮ್ಯಾಕ್ಯುಲಾ ತಲುಪುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ. ರಕ್ತಕ್ಕೆ ಕೊಟ್ಟರೆ ಇಡೀ ದೇಹದ ವಿಇಜಿಎಫ್ ತಡೆಯಲ್ಪಟ್ಟು ರಕ್ತದೊತ್ತಡ, ಹೃದಯ, ಮೂತ್ರಪಿಂಡಗಳಿಗೆ ತೊಂದರೆ ತರಬಹುದು. ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ವಿಟ್ರಿಯಸ್‌ನ ಪ್ರಮಾಣ ಕೇವಲ ನಾಲ್ಕು ಮಿಲಿಲೀಟರ್, ಅದರೊಳಗೆ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು ಮದ್ದು ಬಿಟ್ಟರೆ ಬೇಕಾದ ಜಾಗದಲ್ಲೇ ಬೇಕಾದಷ್ಟು ಸಾಂದ್ರವಾಗಿ ನಿಲ್ಲುತ್ತದೆ.

ಚುಚ್ಚುವ ಕ್ರಮ ಕೇಳುವುದಕ್ಕೆ ಭಯಂಕರ, ಅನುಭವಿಸುವುದಕ್ಕೆ ಅಷ್ಟಲ್ಲ. ರೋಗಿ ಅಂಗಾತ ಮಲಗುತ್ತಾರೆ. ಕಣ್ಣು ಮರಗಟ್ಟುವ ಹನಿಗಳನ್ನು ಹಾಕಿ, ರೆಪ್ಪೆಯ ಸುತ್ತ ಮತ್ತು ಕಣ್ಣಿನ ಮೇಲೆ ಪೊವಿಡೋನ್ ಅಯೋಡಿನ್ ದ್ರಾವಣ ಹಾಕಿ ತೊಳೆಯುತ್ತಾರೆ. ಸ್ವಲ್ಪ ಉರಿಯುವ ಈ ಕಂದು ದ್ರಾವಣವೇ ಸೋಂಕಿನ ವಿರುದ್ಧದ ಬಹುದೊಡ್ಡ ಕಾವಲು, ಅದನ್ನು ಬೇಡವೆನ್ನಬಾರದು. ಕಣ್ಣು ಮುಚ್ಚದಂತೆ ಒಂದು ಸಣ್ಣ ಕ್ಲಿಪ್ ರೆಪ್ಪೆಗಳನ್ನು ಹಿಡಿದಿಡುತ್ತದೆ. ಸೂಜಿ ಬರುವುದು ಎದುರಿನಿಂದಲ್ಲ, ಕರಿಗುಡ್ಡೆಗೂ ಅಲ್ಲ. ಕರಿಗುಡ್ಡೆಯ ಅಂಚಿನಿಂದ ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ದೂರದಲ್ಲಿ, ಕಣ್ಣಿನ ಬಿಳಿ ಭಾಗದಲ್ಲಿ, ಮುಂದೆ ಲೆನ್ಸ್‌ಗೂ ಹಿಂದೆ ರೆಟಿನಾಗೂ ತಾಗದ ಒಂದು ಕಿರುಪಟ್ಟಿ ಇದೆ. ಅಲ್ಲಿ ಕೂದಲಿಗಿಂತ ಕೆಲವೇ ಪಟ್ಟು ದಪ್ಪದ ಸೂಜಿ ಒಳಹೋಗಿ ಕೆಲವು ಕ್ಷಣಗಳಲ್ಲಿ ಹೊರಬರುತ್ತದೆ. ಹೆಚ್ಚಿನವರಿಗೆ ಒತ್ತಿದಂತಾಗುತ್ತದೆ, ನೋವು ಚಿಟುಕೆಯಷ್ಟು. ಬಳಿಕ ಬೆರಳು ತೋರಿಸಿ ಎಣಿಸಲು ಹೇಳುತ್ತಾರೆ, ಕಣ್ಣಿನ ಒತ್ತಡ ಅತಿಯಾಗಿ ಏರಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ಅರ್ಧ ದಿನದಲ್ಲಿ ಮನೆಗೆ ಹೋಗಬಹುದು. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು.

ಚುಚ್ಚಿದ ಜಾಗದಲ್ಲಿ ಬಿಳಿಯ ಮೇಲೆ ಕೆಂಪು ಮಚ್ಚೆ ಮೂಡುವುದು, ಒಂದೆರಡು ದಿನ ಕಣ್ಣೊಳಗೆ ಗುಳ್ಳೆಯಂಥ ಕಪ್ಪು ವೃತ್ತ ತೇಲುವುದು, ಕರಕರೆ ಇರುವುದು ಎಲ್ಲವೂ ಸಾಮಾನ್ಯ. ಭಯಪಡಬೇಕಾದದ್ದು ಬೇರೆ. ಮೂರನೆಯ ದಿನ, ನಾಲ್ಕನೆಯ ದಿನ ನೋವು ಇಳಿಯುವ ಬದಲು ಏರಿದರೆ, ಕಣ್ಣು ಕೆಂಡದಂತಾದರೆ, ಬೆಳಕು ಸಹಿಸದಂತಾದರೆ, ದೃಷ್ಟಿ ಇದ್ದಕ್ಕಿದ್ದಂತೆ ಮಸುಕಾದರೆ, ಅದು ಕಣ್ಣಿನೊಳಗಿನ ಸೋಂಕಾಗಿರಬಹುದು. ಕೆಲವು ಸಾವಿರ ಇಂಜೆಕ್ಷನ್‌ಗಳಿಗೆ ಒಮ್ಮೆ ಆಗುವಂಥದ್ದು ಇದು, ಆದರೆ ಆದಾಗ ಗಂಟೆಗಳ ಲೆಕ್ಕದಲ್ಲಿ ಕಣ್ಣು ಹೋಗಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಅಂಗಡಿಯ ಹನಿ ಹಾಕಿ ಬೆಳಗಿನವರೆಗೆ ನೋಡುವ ಹೊತ್ತಲ್ಲ ಅದು. ಕೆಲವು ದಿನ ಕಣ್ಣಿಗೆ ನಲ್ಲಿಯ ನೀರು ಬೀಳದಂತೆ ತಲೆಸ್ನಾನ ತಪ್ಪಿಸುವುದು, ಕಣ್ಣು ಉಜ್ಜದಿರುವುದು ಇದೇ ಕಾರಣಕ್ಕೆ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ, ಕಣ್ಣಲ್ಲಿ ಪಿಸುರು, ಕೆಂಪು ಇದ್ದರೆ ಚುಚ್ಚುವ ಮೊದಲೇ ವೈದ್ಯರಿಗೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಈ ಇಂಜೆಕ್ಷನ್‌ಗಾಗಿ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ತಾವಾಗಿಯೇ ನಿಲ್ಲಿಸುವುದಂತೂ ಅಪಾಯ.

ಈಗ ಮೂಲ ಪ್ರಶ್ನೆ: ಮತ್ತೆ ಮತ್ತೆ ಏಕೆ? ಔಷಧ ಕಣ್ಣಿನಲ್ಲಿ ಉಳಿಯುವುದಿಲ್ಲ ಎಂಬುದು ಒಂದು ಕಾರಣ. ರಾನಿಬಿಜುಮ್ಯಾಬ್‌ನ ಪ್ರಮಾಣ ಸುಮಾರು ಒಂಬತ್ತು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ; ತಿಂಗಳು ಕಳೆಯುವಷ್ಟರಲ್ಲಿ ಹತ್ತನೆಯ ಒಂದು ಭಾಗವೂ ಉಳಿದಿರುವುದಿಲ್ಲ. ಇನ್ನೂ ಆಳದ ಕಾರಣವೆಂದರೆ, ಔಷಧ ಕಟ್ಟಿಹಾಕುವುದು ಆಗಲೇ ಹೊರಬಂದ ವಿಇಜಿಎಫನ್ನು, ಅದನ್ನು ಹುಟ್ಟಿಸುತ್ತಿರುವ ಮೂಲವನ್ನಲ್ಲ. ಮುಪ್ಪಾದ, ಸೊರಗಿದ ಪದರ ಅಲ್ಲಿಯೇ ಇದೆ, ಕರೆ ಕಳಿಸುತ್ತಲೇ ಇದೆ. ತಳ ಸೋರುವ ದೋಣಿಯಿಂದ ನೀರು ಮೊಗೆದು ಚೆಲ್ಲಿದಂತೆ ಈ ಚಿಕಿತ್ಸೆ: ಮೊಗೆಯುತ್ತಿರುವವರೆಗೆ ದೋಣಿ ತೇಲುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ದಿನವೂ ನುಂಗುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಈ ಇಂಜೆಕ್ಷನ್ ಅದೇ ಜಾತಿಯ ಮದ್ದು, ಪೊರೆಯ ಆಪರೇಷನ್ನಿನ ಜಾತಿಯದಲ್ಲ.

ಸಾಮಾನ್ಯವಾಗಿ ಮೊದಲ ಮೂರು ಡೋಸುಗಳನ್ನು ತಿಂಗಳಿಗೊಂದರಂತೆ ಕೊಡುತ್ತಾರೆ. ಆಮೇಲಿನ ದಾರಿಯನ್ನು ನಿರ್ಧರಿಸುವುದು ಓಸಿಟಿ ಸ್ಕ್ಯಾನ್. ಸೂಜಿಯಿಲ್ಲದೆ, ನೋವಿಲ್ಲದೆ, ಬರಿಯ ಬೆಳಕಿನಿಂದ ರೆಟಿನಾವನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುವ ಈ ಚಿತ್ರದಲ್ಲಿ ಊತದ ನೀರು ಕಪ್ಪು ಗುಳಿಗಳಂತೆ ಕಾಣುತ್ತದೆ. ನೀರು ಒಣಗಿದ್ದರೆ ಮುಂದಿನ ಇಂಜೆಕ್ಷನ್ನಿನ ಅಂತರವನ್ನು ನಾಲ್ಕರಿಂದ ಆರು ವಾರಕ್ಕೆ, ಆಮೇಲೆ ಎಂಟಕ್ಕೆ, ಹತ್ತಕ್ಕೆ ಹಿಗ್ಗಿಸುತ್ತಾರೆ. ಎಲ್ಲಿ ಮತ್ತೆ ನೀರು ಕಂಡಿತೋ ಅಲ್ಲಿಂದ ಎರಡು ವಾರ ಹಿಂದೆ ಸರಿಯುತ್ತಾರೆ. ಹೀಗೆ ಪ್ರತಿ ಕಣ್ಣಿಗೂ ಅದರದೇ ಲಯ ಯಾವುದೆಂದು ಕಂಡುಕೊಳ್ಳುವ ಈ ಕ್ರಮವೇ ಇಂದು ಹೆಚ್ಚು ಬಳಕೆಯಲ್ಲಿರುವುದು. ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ನಿಮ್ಮ ಕಣ್ಣಿಗೆ ಏನೂ ತೊಂದರೆ ಅನ್ನಿಸದಿರುವಾಗ, ಸ್ಕ್ಯಾನ್ ಒಣಗಿರುವಾಗಲೂ ವೈದ್ಯರು ಇಂಜೆಕ್ಷನ್ ಕೊಟ್ಟರೆ ಅದು ಹಣ ಮಾಡುವ ಉಪಾಯವೆಂದು ಭಾವಿಸಬೇಕಿಲ್ಲ. ನೀರು ಮರಳುವುದಕ್ಕೆ ಮೊದಲೇ ಕೊಡುವುದು ಈ ಕ್ರಮದ ತಿರುಳು. ನೀರು ತುಂಬಿ ಇಳಿದಾಗಲೆಲ್ಲ ಒಂದಿಷ್ಟು ಕೋಶಗಳು ಸಾಯಬಹುದು.

ತಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಮೊದಲ ವರ್ಷಗಳ ಅಧ್ಯಯನಗಳಲ್ಲಿ ತಿಂಗಳು ತಿಂಗಳೂ ಔಷಧ ಪಡೆದು ಚೆನ್ನಾಗಿ ಸುಧಾರಿಸಿದ್ದವರನ್ನು ಏಳೆಂಟು ವರ್ಷದ ಬಳಿಕ ಮತ್ತೆ ಕರೆದು ಪರೀಕ್ಷಿಸಿದ ಸೆವೆನ್ ಅಪ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಧ್ಯಯನ ಮುಗಿದ ಮೇಲೆ ಅವರಿಗೆ ಸಿಕ್ಕ ಇಂಜೆಕ್ಷನ್‌ಗಳು ವಿರಳ. ಸರಾಸರಿಯಲ್ಲಿ ಅವರ ದೃಷ್ಟಿ ಚಿಕಿತ್ಸೆ ಆರಂಭಿಸಿದಾಗ ಇದ್ದುದಕ್ಕಿಂತಲೂ ಸುಮಾರು ಎಂಟೂವರೆ ಅಕ್ಷರ ಕೆಳಗಿಳಿದಿತ್ತು. ನಮ್ಮಲ್ಲಿ 2020ರ ಲಾಕ್‌ಡೌನ್ ಸಮಯದಲ್ಲಿ ಆಸ್ಪತ್ರೆಗೆ ಬರಲಾಗದೆ ಚಿಕಿತ್ಸೆ ನಿಂತ ಹಿರಿಯರ ಕಣ್ಣುಗಳಲ್ಲಿಯೂ ನೀರು, ರಕ್ತ ಮರಳಿದ್ದನ್ನು ರೆಟಿನಾ ವೈದ್ಯರು ಕಂಡಿದ್ದಾರೆ. ಜಿಲ್ಲೆಯ ಊರಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಬಸ್ಸು ಹತ್ತಬೇಕು, ಜೊತೆಗೆ ಬರುವವರು ಕೂಲಿ ಬಿಡಬೇಕು ಎಂಬಲ್ಲಿ ತಪ್ಪಿಹೋಗುವುದು ರೋಗಿಯ ಉದಾಸೀನವೇನಲ್ಲ. ಪೊರೆಗೆ ಶಿಬಿರ ಸಾಕಾಗಿತ್ತು; ಈ ಕಾಯಿಲೆಗೆ ಜಿಲ್ಲಾ ಕೇಂದ್ರದಲ್ಲೇ ಓಸಿಟಿ ಯಂತ್ರವೂ, ತಿಂಗಳು ತಿಂಗಳೂ ಲಭ್ಯವಿರುವ ರೆಟಿನಾ ತಜ್ಞರೂ ಬೇಕು. ಆ ವ್ಯವಸ್ಥೆ ಬರದೆ ಔಷಧದ ಶಕ್ತಿ ಕಾಗದದ ಮೇಲೆಯೇ ಉಳಿಯುತ್ತದೆ.

ಖರ್ಚಿನ ವಿಷಯದಲ್ಲಿ ಭಾರತಕ್ಕೆ ಕೆಲವು ಅನುಕೂಲಗಳಿವೆ. 2015ರಲ್ಲಿ ಅಹಮದಾಬಾದಿನ ಇಂಟಾಸ್ ಕಂಪನಿ ರಜುಮ್ಯಾಬ್ ಎಂಬ ಹೆಸರಿನಲ್ಲಿ ರಾನಿಬಿಜುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನು ಹೋಲುವ ಕಡಿಮೆ ಬೆಲೆಯ ಜೈವಿಕ ಔಷಧವನ್ನು ಇಲ್ಲಿಯೇ ಹೊರತಂದಿತು. ಮೂಲ ಔಷಧ ಇಲ್ಲಿ ಅಕ್ಸೆಂಟ್ರಿಕ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆವಾಸಿಜುಮ್ಯಾಬ್ ಎಲ್ಲಕ್ಕಿಂತ ಅಗ್ಗ, ಆದರೆ ಒಂದು ಸೀಸೆಯನ್ನು ಹಲವು ಡೋಸುಗಳಾಗಿ ಹಂಚುವಾಗ ಶುದ್ಧತೆ ಕೆಟ್ಟರೆ ಒಂದೇ ದಿನ ಹಲವರ ಕಣ್ಣಿಗೆ ಸೋಂಕು ತಗುಲಬಹುದು. ಗುಜರಾತಿನಲ್ಲಿ ಹಾಗೆ ಹಲವರಿಗೆ ತೊಂದರೆಯಾದಾಗ 2016ರಲ್ಲಿ ಕೇಂದ್ರ ಔಷಧ ನಿಯಂತ್ರಕರು ಅದರ ಕಣ್ಣಿನ ಬಳಕೆಯ ವಿರುದ್ಧ ಎಚ್ಚರಿಕೆ ಹೊರಡಿಸಿ, ಬಳಿಕ ಹಿಂತೆಗೆದುಕೊಂಡರು. ಆದ್ದರಿಂದ ಅಗ್ಗದ ಮದ್ದನ್ನು ಹೀನವೆಂದು ತಳ್ಳಬಾರದು. ಎಲ್ಲಿ, ಹೇಗೆ ಡೋಸು ಮಾಡುತ್ತಾರೆ ಎಂದು ಕೇಳುವ ಹಕ್ಕು ರೋಗಿಗಿದೆ. ಆರೋಗ್ಯ ವಿಮೆ ಇರುವವರು ತಿಳಿದಿರಬೇಕಾದ ಒಂದು ಅಂಶ: ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ ಹೆಸರಿದೆ. ಕಂಪನಿ ಮಿತಿ ಹಾಕಬಹುದು, ಆದರೆ ಒಂದು ರಾತ್ರಿ ಅಡ್ಮಿಟ್ ಆಗಿಲ್ಲವೆಂಬ ನೆಪ ಹೇಳಿ ಪೂರ್ತಿ ನಿರಾಕರಿಸಿದರೆ ಪ್ರಶ್ನಿಸಬೇಕು.

ಹೊಸ ಔಷಧಗಳೆಲ್ಲ ಅಂತರ ಹಿಗ್ಗಿಸುವ ಯತ್ನಗಳು. 2011ರ ಅಫ್ಲಿಬರ್ಸೆಪ್ಟ್ ಮೊದಲ ಮೂರು ಡೋಸುಗಳ ನಂತರ ಎಂಟು ವಾರಕ್ಕೊಮ್ಮೆ ಸಾಕೆಂದು ತೋರಿಸಿತು. 2019ರ ಬ್ರೊಲುಸಿಜುಮ್ಯಾಬ್ ಇನ್ನೂ ದೂರ ಎಳೆಯಬಲ್ಲದಾದರೂ ಕೆಲವರಲ್ಲಿ ರೆಟಿನಾದ ರಕ್ತನಾಳಗಳ ಉರಿಯೂತ ತಂದು ಎಚ್ಚರ ಹುಟ್ಟಿಸಿತು. 2022ರಲ್ಲಿ ಬಂದ ಫಾರಿಸಿಮ್ಯಾಬ್ ವಿಇಜಿಎಫ್ ಜೊತೆಗೆ ಆಂಜಿಯೋಪೊಯೆಟಿನ್-2 ಎಂಬ ಇನ್ನೊಂದು ಪ್ರೋಟೀನನ್ನೂ ತಡೆದು, ಹಲವರಲ್ಲಿ ಹದಿನಾರು ವಾರದವರೆಗೆ ಅಂತರ ಕೊಡುತ್ತದೆ. ವರ್ಷಕ್ಕೆ ಹನ್ನೆರಡರ ಜಾಗದಲ್ಲಿ ನಾಲ್ಕೈದು ಪ್ರಯಾಣ ಎಂಬುದು ಹಳ್ಳಿಯ ಕುಟುಂಬಕ್ಕೆ ಸಣ್ಣ ವ್ಯತ್ಯಾಸವಲ್ಲ, ಬೆಲೆ ಇಳಿದರೆ.

ಒಣ ವಿಧದವರಿಗೆ ಈ ಇಂಜೆಕ್ಷನ್‌ಗಳಿಂದ ಪ್ರಯೋಜನವಿಲ್ಲ. ಅವರಲ್ಲಿ ಮಧ್ಯಮ ಹಂತ ತಲುಪಿದವರಿಗೆ ವಿಟಮಿನ್ ಸಿ, ಇ, ಸತು, ತಾಮ್ರ, ಲ್ಯೂಟೀನ್, ಜಿಯಾಜಾಂಥಿನ್ ಇರುವ ಮಾತ್ರೆ ಮುಂದಿನ ಹಂತಕ್ಕೆ ಜಾರುವುದನ್ನು ಒಂದಿಷ್ಟು ತಡೆಯುತ್ತದೆ. ಬೀಟಾ ಕ್ಯಾರೋಟಿನ್ ಇರುವ ಹಳೆಯ ಮಾತ್ರೆಯನ್ನು ಬೀಡಿ ಸಿಗರೇಟು ಸೇದುವವರು, ಸೇದಿ ಬಿಟ್ಟವರು ತೆಗೆದುಕೊಳ್ಳಬಾರದು, ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಧೂಮಪಾನ ಬಿಡುವುದೇ ಎಲ್ಲ ಮಾತ್ರೆಗಿಂತ ದೊಡ್ಡದು. ಇನ್ನು, ಸಕ್ಕರೆ ಕಾಯಿಲೆಯವರ ಮ್ಯಾಕ್ಯುಲಾ ಊತಕ್ಕೂ ಇದೇ ಇಂಜೆಕ್ಷನ್ ಕೊಡುತ್ತಾರೆ, ಆದರೆ ಆ ಕಾಯಿಲೆಯ ದಾರಿ ಬೇರೆ. ಪಕ್ಕದ ಮನೆಯವರಿಗೆ ಐದಕ್ಕೆ ನಿಂತಿತು ಎಂದು ತಮ್ಮದನ್ನು ಹೋಲಿಸಿಕೊಳ್ಳುವುದು ಆದ್ದರಿಂದ ಸಲ್ಲದು. ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ, ನಾಳದ ತುದಿಗಳು ಸಣ್ಣ ಗೋಲಿಗಳಂತೆ ಉಬ್ಬುವ ಪಾಲಿಪಾಯ್ಡಲ್ ಎಂಬ ಬಗೆಯಲ್ಲಿ ಇಂಜೆಕ್ಷನ್ನಿನ ಜೊತೆ ಹಳೆಯ ಫೋಟೋಡೈನಮಿಕ್ ಚಿಕಿತ್ಸೆಯೂ ಬೇಕಾಗಬಹುದು.

ಕೆಲವು ಕಣ್ಣುಗಳಲ್ಲಿ ನಿಲ್ಲಿಸುವ ಹೊತ್ತೂ ಬರುತ್ತದೆ. ಮ್ಯಾಕ್ಯುಲಾದ ನಡುವೆ ಗಾಯದ ಕಲೆ ಗಟ್ಟಿಯಾಗಿ, ಉಳಿಸುವಂಥ ಕೋಶಗಳೇ ಇಲ್ಲವೆಂದು ಸ್ಕ್ಯಾನ್ ಹೇಳಿದರೆ, ಇನ್ನು ಚುಚ್ಚುವುದರಿಂದ ಫಲವಿಲ್ಲವೆಂದು ವೈದ್ಯರು ತಿಳಿಸುತ್ತಾರೆ. ಆಗ ಭೂತಗನ್ನಡಿ, ದೊಡ್ಡ ಅಕ್ಷರದ ಫೋನು, ಉಳಿದ ಅಂಚಿನ ದೃಷ್ಟಿಯಿಂದ ನೋಡುವ ಅಭ್ಯಾಸವನ್ನು ಕಲಿಸುವ ಲೋ ವಿಷನ್ ವಿಭಾಗಕ್ಕೆ ಕಳಿಸಿಕೊಡಿ ಎಂದು ಕೇಳಬೇಕು. ಆ ಕಣ್ಣಿನ ಚಿಕಿತ್ಸೆ ಮುಗಿದರೂ ಇನ್ನೊಂದು ಕಣ್ಣಿಗೆ ಕಾಯಿಲೆ ಬರುವ ಸಂಭವ ಹೆಚ್ಚೇ ಇರುವುದರಿಂದ, ಟೈಲ್ಸಿನ ಗೆರೆ ನೋಡುವ ವಾರದ ರೂಢಿಯೂ ವೈದ್ಯರು ಬರೆದುಕೊಟ್ಟ ದಿನಾಂಕಕ್ಕೆ ಸ್ಕ್ಯಾನ್ ಮಾಡಿಸುವುದೂ ಹಾಗೆಯೇ ಮುಂದುವರಿಯಬೇಕು.